ಎರೆಯ ಆಯ್ಕೆ

ಯಲಹಂಕದಲ್ಲಿ ಕುಳಿತು ಕಡಲ ಮೀನಿನ ಎರೆಯ ವಿಷಯವಾಗಿ ಬರೆಯಹೊರಡುವುದು ಕೆಲವರಿಗೆ ಹಾಸ್ಯಾಸ್ಪದವೆಂದು ತೋರಬಹುದು. ಸಮುದ್ರಮಟ್ಟಕ್ಕಿಂತ ಸುಮಾರು ೯೦೦ ಮೀಟರು ಎತ್ತರದಲ್ಲಿರುವ ಊರು ನಮ್ಮದು. ಕಡಲನ್ನು ಕಾಣಬೇಕಾದರೆ ಯಶವಂತಪುರದಲ್ಲಿ ರೈಲು ಹತ್ತಿ, ಸಕಲೇಶಪುರದ ಘಟ್ಟವನ್ನಿಳಿದು ಹೋಗಬೇಕು. ನಮ್ಮ ಪಾಲಿಗೆ ಬಂದ ನೀರೆಂದರೆ ಹೆಬ್ಬಾಳ, ಜಕ್ಕೂರು, ರಾಚೇನಹಳ್ಳಿ, ಅಲ್ಲಾಳಸಂದ್ರಗಳ ಕೆರೆಗಳು. ನಮ್ಮ ನಡುವಿನ ನಿಷ್ಣಾತ ಮೀನುಗಾರರೆಂದರೆ ಹೆಜ್ಜಾರ್ಲೆ, ನೀರುಕಾಗೆ, ಮಿಂಚುಳ್ಳಿಗಳು. ಅವುಗಳಿಗೆ ಎರೆಯ ಹಂಗಿಲ್ಲ. ಇಂಥ ಊರಿನವನಿಗೆ ಅಂಜಲ್ ಮೀನಿಗೆ ಏನು ತೋರಿಸಬೇಕು, ಬಂಗುಡೆಗೆ ಏನು ತೋರಿಸಬಾರದು ಎಂಬ ಚಿಂತೆ ಏತಕ್ಕೆ?

ಹೀಗೆ ಕೇಳುವವರು ಕನ್ನಡನಾಡಿನ ಒಂದು ಹಳೆಯ ನಿದರ್ಶನವನ್ನು ನೆನೆಯಬೇಕು. ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಮೂರನೆಯ ಸೋಮೇಶ್ವರನು ಕ್ರಿ. ಶ. ೧೧೩೦ರ ಸುಮಾರಿಗೆ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು. ರಾಜನೀತಿ, ಆನೆ, ಅಡಿಗೆ, ಸಂಗೀತ ಮೊದಲಾದ ನೂರು ವಿಷಯಗಳನ್ನು ಒಳಗೊಂಡ ಆ ವಿಶ್ವಕೋಶದಲ್ಲಿ ‘ಮತ್ಸ್ಯವಿನೋದ’ವೆಂಬುದೊಂದು ಅಧ್ಯಾಯ. ಗಾಳ ಹಾಕುವ ಕಲೆಯೇ ಅದರ ವಿಷಯ. ಪ್ರಾಣಿಶಾಸ್ತ್ರಜ್ಞ ಸುಂದರಲಾಲ್ ಹೋರಾ ಅವರು ೧೯೫೧ರಲ್ಲಿ ಈ ಅಧ್ಯಾಯವನ್ನು ವಿಮರ್ಶಿಸಿ ವಿದ್ವತ್ ಲೋಕದ ಗಮನಕ್ಕೆ ತಂದರು. ಸೋಮೇಶ್ವರನು ಮೂವತ್ತೈದು ಬಗೆಯ ಮೀನುಗಳನ್ನು ಹೆಸರಿಸುತ್ತಾನೆ. ಕಡಲಿನವು, ಹೊಳೆಯವು ಎಂದೂ, ಹುರುಪೆ ಉಳ್ಳವು, ಇಲ್ಲದವು ಎಂದೂ ವಿಂಗಡಿಸುತ್ತಾನೆ. ಯಾವ ಮೀನಿಗೆ ಯಾವ ತಿನಿಸು ಮೆಚ್ಚು ಎಂಬುದನ್ನು ವಿಚಾರಿಸುತ್ತಾನೆ. ಇಂದು ಬೀದರ ಜಿಲ್ಲೆಯಲ್ಲಿರುವ ಅವನ ಕಲ್ಯಾಣಕ್ಕೆ ಕಡಲು ಯಲಹಂಕಕ್ಕಿಂತ ಹತ್ತಿರವೇನೂ ಅಲ್ಲ. ಅದೇ ಬೀದರದಲ್ಲಿ ಕೇಂದ್ರವುಳ್ಳ ವಿಶ್ವವಿದ್ಯಾನಿಲಯವೊಂದರ ಮೀನುಗಾರಿಕಾ ಸಂಶೋಧನ ಕೇಂದ್ರ ಇಂದು ನಮ್ಮ ಹೆಬ್ಬಾಳದಲ್ಲಿದೆ. ಆದುದರಿಂದ ಮೀನಿನ ಮಾತಿಗೆ ನಾವು ತೀರ ಹೊರಗಿನವರಲ್ಲ.

‘ಎರೆ’ ಎಂಬುದು ಅಚ್ಚ ಕನ್ನಡದ ಮಾತು. ಗಾಳಕ್ಕೆ ಸಿಕ್ಕಿಸುವ ತಿನಿಸು ಎರೆ; ಹಾಗೆ ಸಿಕ್ಕಿಸುವ ಹುಳುವಿಗೆ ಆ ಹೆಸರೇ ನಿಂತು ಎರೆಹುಳುವಾಯಿತು. ರೈತನಿಗೆ ಮಿತ್ರನಾದ ಆ ಬಡ ಜೀವಿಯನ್ನು ನಮ್ಮ ಭಾಷೆ ಗುರುತಿಸಿದ್ದು ಅದು ನೆಲಕ್ಕೆ ಮಾಡುವ ಉಪಕಾರದಿಂದಲ್ಲ, ಗಾಳಗಾರನಿಗೆ ಒದಗುವ ಉಪಯೋಗದಿಂದ. ಬಯಲುಸೀಮೆಯವರ ಎರೆ ಇನ್ನೂ ಒಂದುಂಟು. ಕಾವೇರಿಯ ಮಹಸೀರ್ ಮೀನಿಗೆ ಗಾಳ ಹಾಕುತ್ತಿದ್ದವರು ಮುಳ್ಳಿಗೆ ಮೆತ್ತುತ್ತಿದ್ದುದು ನಾವು ನಿತ್ಯ ಉಣ್ಣುವ ರಾಗಿಯ ಮುದ್ದೆಯನ್ನೇ. ವನ್ಯಜೀವಿ ಕಾಯಿದೆಯ ಕಾರಣದಿಂದ ಅಭಯಾರಣ್ಯದೊಳಗೆ ಆ ವಿನೋದ ನಿಂತಿತು. ಆ ನದಿಯ ಗೂನುಬೆನ್ನಿನ ಮಹಸೀರ್ ತೀವ್ರವಾಗಿ ಅಳಿವಿನಂಚಿನಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಗೆ ೨೦೧೮ರಲ್ಲಿ ಸೇರಿತು. ಉಣ್ಣುವವನ ತಟ್ಟೆಯಲ್ಲಿಯೂ ಮೀನಿನ ಬಾಯಲ್ಲಿಯೂ ಒಂದೇ ಮುದ್ದೆ. ಪರಿಣಾಮ ಮಾತ್ರ ಬೇರೆ.

ಈಗಿನ ತರುಣರ ಕೈಯಲ್ಲಿ ರಾಗಿಯೂ ಇಲ್ಲ, ಹುಳುವೂ ಇಲ್ಲ. ಸಹಕಾರನಗರದ ಕಡೆಯಿಂದಲೂ ರವೀಂದ್ರನಾಥ ಟಾಗೋರ್ ನಗರದ ಕಡೆಯಿಂದಲೂ ಶುಕ್ರವಾರದ ರಾತ್ರಿ ಹೊರಟು ಶನಿವಾರದ ಬೆಳಗಿಗೆ ಮಲ್ಪೆಯಲ್ಲಿಯೋ ಕಾರವಾರದಲ್ಲಿಯೋ ಬಂಡೆಯ ಮೇಲೆ ನಿಲ್ಲುವ ಒಂದು ಹೊಸ ಗಾಳಗಾರರ ವರ್ಗ ಹುಟ್ಟಿಕೊಂಡಿದೆ. ಅವರ ಪೆಟ್ಟಿಗೆಯನ್ನು ತೆರೆದರೆ ಅಕ್ಕಸಾಲಿಗನ ಅಂಗಡಿಯನ್ನು ಹೊಕ್ಕಂತಾಗುತ್ತದೆ. ಚಮಚದಂತೆ ಹೊಳೆಯುವ ಸ್ಪೂನು, ಸೀಸದ ತಲೆಯ ಜಿಗ್, ನೀರಿನ ಮೇಲೆ ಗುಳುಗುಳು ಸದ್ದು ಮಾಡುವ ಪಾಪರ್, ರಬ್ಬರಿನಂಥ ಮೃದು ಸಿಗಡಿ, ಕಣ್ಣು ಬರೆದ ಮರದ ಮೀನು. ಒಂದೊಂದಕ್ಕೆ ಹತ್ತು ಬಣ್ಣ. ತಿನ್ನಲು ಬಾರದ, ತಿನ್ನುವಂತೆ ಕಾಣಿಸುವ ಈ ವಸ್ತುಗಳನ್ನು ಹುಸಿಯೆರೆಗಳೆಂದು ಕರೆಯೋಣ. ನಮ್ಮ ಬೀದಿಯ ಒಬ್ಬ ತರುಣ ಇಂಥ ಪೆಟ್ಟಿಗೆಯನ್ನು ನನ್ನ ಮುಂದೆ ಹರಡಿ, “ಮೇಷ್ಟ್ರೇ, ನೀವು ಗಂಗೊಳ್ಳಿಯ ಕಡೆಯವರು. ಇವುಗಳಲ್ಲಿ ಸರಿಯಾದದ್ದು ಯಾವುದು ಹೇಳಿ” ಎಂದು ಕೇಳಿದನು. ಅವನು ಕೇಳಿದ ಪ್ರಶ್ನೆ ಚಿಕ್ಕದು. ಅದಕ್ಕೆ ಎರಡು ಉತ್ತರಗಳಿವೆ. ಎರಡನ್ನೂ ಹೇಳಬೇಕಾದುದು ಅವಶ್ಯವೆಂದು ನನ್ನ ಭಾವನೆ.

ಮೊದಲನೆಯದು ಕಸುಬಿನ ಉತ್ತರ. ಎರೆಯನ್ನು ಆರಿಸುವ ಮೊದಲು ಮೀನನ್ನು ಆರಿಸಬೇಕು. ಮೀನನ್ನು ಆರಿಸಿದ ಮೇಲೆ ಅದು ಏನನ್ನು, ಎಲ್ಲಿ, ಹೇಗೆ ತಿನ್ನುತ್ತದೆಂಬುದನ್ನು ತಿಳಿಯಬೇಕು. ಅಂಜಲ್ ಬೂತಾಯಿಯ ಹಿಂಡನ್ನು ಅಟ್ಟಿಕೊಂಡು ಬರುವ ವೇಗಶಾಲಿ. ಅದಕ್ಕೆ ಬೆಳ್ಳಿಯಂತೆ ಮಿನುಗಿ ಬಿರುಸಾಗಿ ಓಡುವ ಸ್ಪೂನು ತಕ್ಕುದು. ಅದರ ಹಲ್ಲಿಗೆ ದಾರ ನಿಲ್ಲದಾದುದರಿಂದ ತುದಿಯಲ್ಲಿ ಉಕ್ಕಿನ ತಂತಿ ಬೇಕು. ಕೆಂಬೇರಿ ಅಳಿವೆಯ ಬಂಡೆಯ ಸಂದಿನಲ್ಲಿಯೂ ಕಾಂಡ್ಲಾ ಗಿಡಗಳ ಬೇರಿನ ನೆರಳಿನಲ್ಲಿಯೂ ಹೊಂಚಿ ಕುಳಿತಿರುತ್ತದೆ. ಅದರ ಮನೆಯ ಬಾಗಿಲಿಗೇ ನಿಧಾನವಾಗಿ ತೂಗಾಡುತ್ತ ಹೋಗುವ ಎರೆ ಬೇಕು. ಕಾಣೆ ಮರಳಿನ ತಳದಲ್ಲಿ ಹುಳುವನ್ನೂ ಸಿಗಡಿಯನ್ನೂ ಹೆಕ್ಕುವ ಪುಟ್ಟ ಬಾಯಿಯ ಮೀನು. ಅದರ ಮುಂದೆ ಗೇಣುದ್ದದ ಬಣ್ಣದ ಬೊಂಬೆಯನ್ನು ಆಡಿಸಿ ಪ್ರಯೋಜನವಿಲ್ಲ.

ಬಣ್ಣದ ವಿಚಾರವೂ ಹೀಗೆಯೇ. ಅಂಗಡಿಯಲ್ಲಿ ನಮ್ಮ ಕಣ್ಣನ್ನು ಸೆಳೆಯುವ ಕೆಂಪು ನೀರೊಳಗೆ ಎಲ್ಲ ಬಣ್ಣಗಳಿಗಿಂತ ಮೊದಲು ಕಾಣೆಯಾಗುತ್ತದೆ. ಕೆಲವೇ ಮೀಟರುಗಳ ಆಳದಲ್ಲಿ ಅದು ಕಂದಿ ಕಪ್ಪಾಗಿ ತೋರುತ್ತದೆ. ತಿಳಿಯಾದ ಕಡಲಿನಲ್ಲಿ ನೀಲಿಯ ಬೆಳಕು ಎಲ್ಲಕ್ಕಿಂತ ಆಳಕ್ಕೆ ಇಳಿಯುತ್ತದೆ. ಮಳೆಗಾಲ ಮುಗಿದ ಹೊಸದರಲ್ಲಿ ಅಳಿವೆಯ ನೀರು ಕೆಮ್ಮಣ್ಣಿನಿಂದ ರಾಡಿಯಾಗಿರುವಾಗ ಮೀನು ಕಣ್ಣನ್ನು ನೆಚ್ಚಿ ಬೇಟೆಯಾಡುವುದಿಲ್ಲ. ತನ್ನ ಪಕ್ಕೆಯುದ್ದಕ್ಕೂ ಇರುವ ಸೂಕ್ಷ್ಮ ರೇಖೆಯಿಂದ ನೀರಿನ ಅದುರುವಿಕೆಯನ್ನು ಅರಿಯುತ್ತದೆ. ಅಂಥ ದಿನಗಳಲ್ಲಿ ಬಣ್ಣಕ್ಕಿಂತ ಅಲುಗಾಟ ಮುಖ್ಯ. ಹುಸಿಯೆರೆಗಳ ಬಣ್ಣಗಳಲ್ಲಿ ಅರ್ಧಕ್ಕರ್ಧ ಮೀನನ್ನು ಹಿಡಿಯುವುದಕ್ಕಲ್ಲ, ಗಾಳಗಾರನನ್ನು ಹಿಡಿಯುವುದಕ್ಕೆಂದೇ ಬಳಿದವು ಎಂದರೆ ಅಂಗಡಿಯವರು ನನ್ನ ಮೇಲೆ ಮುನಿಯಬಾರದು.

ಅಲುಗಾಟದ ಈ ಗುಟ್ಟನ್ನು ಕಂಡುಕೊಂಡವರಲ್ಲಿ ಫಿನ್ಲೆಂಡಿನ ಬಡ ಬೆಸ್ತ ಲೌರಿ ರಾಪಾಲಾ ಮುಖ್ಯನಾದವನು. ದೊಡ್ಡ ಮೀನು ಹಿಂಡಿನಲ್ಲಿ ಸರಿಯಾಗಿ ಈಜುವ ಮರಿಗಳನ್ನು ಬಿಟ್ಟು, ಗಾಯಗೊಂಡು ಒಂದಿಷ್ಟು ವಾಲಿಕೊಂಡು ಈಜುವ ಮರಿಯನ್ನೇ ಎರಗಿ ಹಿಡಿಯುವುದನ್ನು ಅವನು ನೋಡಿದನು. ೧೯೩೬ರಲ್ಲಿ ಚಮ್ಮಾರನ ಕತ್ತಿಯಿಂದ ಬೆಂಡನ್ನು ಕೆತ್ತಿ, ಚಾಕಲೇಟು ಸುತ್ತಿಬರುವ ಬೆಳ್ಳಿಯ ಕಾಗದವನ್ನು ಅಂಟಿಸಿ, ಛಾಯಾಚಿತ್ರದ ನೆಗೆಟಿವನ್ನು ಕರಗಿಸಿ ಮೇಲೆ ಲೇಪಿಸಿ ಆ ವಾಲಾಟವನ್ನೇ ಮರದಲ್ಲಿ ಮೂಡಿಸಿದನು. ಇಂದು ಲೋಕವೆಲ್ಲ ಕೊಳ್ಳುವ ಒಂದು ಪ್ರಸಿದ್ಧ ಎರೆಯ ಮೂಲ ಇದು. ಬಡವನ ಕಣ್ಣು, ತಾಳ್ಮೆ, ಹಾಳುಮೂಳು ಸಾಮಗ್ರಿ. ಇಷ್ಟೇ ಅದರ ಬಂಡವಾಳ.

ಕಸುಬಿನ ಉತ್ತರ ಇಲ್ಲಿಗೆ ಮುಗಿಯಿತು. ಎರಡನೆಯ ಉತ್ತರಕ್ಕಾಗಿಯೇ ನಾನು ಈ ಲೇಖನವನ್ನು ಬರೆಯುತ್ತಿದ್ದೇನೆ. ಪ್ರತಿಯೊಂದು ಎರೆಯೂ ಮೀನಿನ ಯಾವುದೋ ಒಂದು ಅಗತ್ಯವನ್ನು ಕೂಗಿ ಕರೆಯುತ್ತದೆ. ರಾಗಿಯ ಮುದ್ದೆ ಕರೆಯುವುದು ಹಸಿವನ್ನು. ಸ್ಪೂನು ಕರೆಯುವುದು ಬೇಟೆಯ ಚಪಲವನ್ನು. ಹಸಿವನ್ನು ಕರೆದಾಗ ಮೀನಿಗೆ ತಪ್ಪಿಸಿಕೊಳ್ಳುವ ದಾರಿಯೊಂದುಂಟು. ಹೊಟ್ಟೆ ತುಂಬಿದ ಮೀನು ಬರುವುದಿಲ್ಲ. ಎಚ್ಚರದ ಮೀನು ಬಂದು ಮೂಸಿ ಹಿಂದಿರುಗುತ್ತದೆ. ಸಣ್ಣ ಮೀನು ದೊಡ್ಡ ಎರೆಗೆ ಹೆದರಿ ದೂರ ಸರಿಯುತ್ತದೆ. ಇಡೀ ದಿನ ಬಂಡೆಯ ಮೇಲೆ ನಿಂತು ಬರಿಗೈಯಲ್ಲಿ ಬಂದವರೆಲ್ಲ ಇದಕ್ಕೆ ಸಾಕ್ಷಿ. ಆದರೆ ಹಸಿವಲ್ಲದ ಬೇರೆ ಅಗತ್ಯಗಳನ್ನು ಕರೆಯುವ ಎರೆಗಳಿವೆ. ಅವುಗಳ ಕೂಗನ್ನು ಮೀನು ನಿರಾಕರಿಸಲಾರದು. ಅಂಥ ಎರೆ ಸರಿಯಾದ ಎರೆಯಲ್ಲ. ಇದು ನನ್ನ ವಾದ.

ದೂರ ಹೋಗುವುದು ಬೇಡ, ನಮ್ಮ ಸೀಮೆಯ ಕೆರೆಗಳನ್ನೇ ನೋಡೋಣ. ಕೊರಮೀನು, ಹಾವಿನ ತಲೆಯಂಥ ತಲೆಯುಳ್ಳದ್ದು, ಕೆರೆಯ ಜೊಂಡಿನಲ್ಲಿ ಗೂಡು ಮಾಡಿ ಮರಿಗಳನ್ನು ಕಾಯುತ್ತದೆ. ನೂರಾರು ಮರಿಗಳು ಚೆಂಡಿನಂತೆ ಒತ್ತಾಗಿ ಉಸಿರಿಗೆ ಮೇಲೆ ಬಂದಾಗ ನೀರು ಕೆಂಪುಕೆಂಪಾಗಿ ಕುದಿಯುವಂತೆ ಕಾಣುತ್ತದೆ. ತಂದೆತಾಯಿಗಳು ಕೆಳಗೆ ಕಾವಲಿರುತ್ತವೆ. ರಬ್ಬರಿನ ಕಪ್ಪೆಯೊಂದನ್ನು ಆ ಮರಿಗಳ ನಡುವೆ ಎಸೆದರೆ ಹಿರಿಯ ಮೀನು ಕ್ಷಣವೂ ತಡೆಯದೆ ಮೇಲೆರಗುತ್ತದೆ. ಅದಕ್ಕೆ ಹಸಿವಾಗಿಲ್ಲ; ಮರಿಗಳನ್ನು ತಿನ್ನಲು ಬಂದ ಶತ್ರುವನ್ನು ಓಡಿಸಬೇಕಾಗಿದೆ. ಅದನ್ನು ಎಳೆದುಕೊಂಡ ಮೇಲೆ ಮರಿಗಳು ಸುತ್ತಲಿನ ಮೀನುಗಳ ಬಾಯಿಗೆ ಬೀಳುತ್ತವೆ. ಹಿಡಿದವನ ಲೆಕ್ಕದಲ್ಲಿ ಒಂದು ಮೀನು. ಕೆರೆಯ ಲೆಕ್ಕದಲ್ಲಿ ಒಂದು ಸಂಸಾರ. ಇದನ್ನು ಜಾಣತನವೆಂದು ಒಬ್ಬರಿಗೊಬ್ಬರು ಹೇಳಿಕೊಡುವವರೂ ಇದ್ದಾರೆ.

ಇದೇ ಕಥೆ ಕಡಲಿನಲ್ಲಿ ದೊಡ್ಡ ಪ್ರಮಾಣದಲ್ಲಿ ನಡೆದಿದೆ. ಬೊಂಡಾಸಿನ ಬಳಗಕ್ಕೆ ಸೇರಿದ ಕಟಲ್‌ಫಿಶ್ ಎಂಬ ಜೀವಿಗೆ ಹೊರದೇಶಗಳಲ್ಲಿ ಬಹಳ ಬೆಲೆ. ಮೊಟ್ಟೆಯಿಡುವ ಕಾಲಕ್ಕೆ ಅದು ತಳದಲ್ಲಿ ಅಂಟಿಸುವುದಕ್ಕೆ ಕಡ್ಡಿಯೋ ಕೊಂಬೆಯೋ ಹುಡುಕುತ್ತದೆ. ಕಾಯಿ ಬಿಡಿಸಿದ ಮೇಲೆ ಉಳಿಯುವ ತೆಂಗಿನ ಗೊನೆಯ ಒಣ ಕಡ್ಡಿಗಳನ್ನು ಕಟ್ಟುಕಟ್ಟಿ, ಭಾರ ಹಾಕಿ ಕರ್ನಾಟಕದ ಕಡಲಿನಲ್ಲಿ ಮುಳುಗಿಸುವ ಒಂದು ಉಪಾಯ ಬಳಕೆಗೆ ಬಂದಿತು. ತಾಯಿಜೀವಿಗಳು ಅಲ್ಲಿ ಕೂಡಿ ದ್ರಾಕ್ಷಿಯ ಗೊಂಚಲಿನಂತೆ ಮೊಟ್ಟೆಗಳನ್ನು ಅಂಟಿಸತೊಡಗಿದಾಗ ಮೇಲಿನ ದೋಣಿಯಿಂದ ಗಾಳ ಇಳಿಯುತ್ತದೆ. ಕೇಂದ್ರೀಯ ಕಡಲ ಮೀನುಗಾರಿಕಾ ಸಂಶೋಧನ ಸಂಸ್ಥೆಯ ವಿಜ್ಞಾನಿಗಳು ಇದನ್ನು ಅಧ್ಯಯನ ಮಾಡಿ, ಇಲ್ಲಿ ಬೀಳುವುದು ಮೊಟ್ಟೆಯಿಡಲು ಬಂದ ದೊಡ್ಡ ಜೀವಿಗಳೇ ಎಂದು ಎಚ್ಚರಿಸಿದ್ದಾರೆ. ಇಲ್ಲಿ ಎರೆಯಾಗಿರುವುದು ತಿನಿಸಲ್ಲ, ಬಾಣಂತಿಯ ಕೋಣೆ. ತೆಂಗಿನ ಕಡ್ಡಿಯಂಥ ನಿರುಪದ್ರವಿಯಾದ ವಸ್ತು ಬೇರೆ ಯಾವುದಿದೆ? ಆದುದರಿಂದ ಎರೆಯ ಗುಣದೋಷಗಳನ್ನು ಅದು ಯಾವುದರಿಂದ ಮಾಡಿದ್ದೆಂಬುದರಿಂದ ಅಳೆಯಲಾಗದು. ಅದು ಯಾವ ಅಗತ್ಯವನ್ನು ಹಿಡಿದೆಳೆಯುತ್ತದೆಂಬುದರಿಂದ ಅಳೆಯಬೇಕು.

ಮೂರನೆಯದು ಬೆಳಕು. ಕಡಲಿನ ಕಗ್ಗತ್ತಲೆಯಲ್ಲಿ ತನ್ನ ನೆತ್ತಿಯ ಮೇಲೆ ಒಂದು ದೀಪವನ್ನು ತೂಗಿಕೊಂಡು, ಅದಕ್ಕೆ ಮರುಳಾಗಿ ಬಂದ ಮೀನನ್ನು ನುಂಗುವ ಮೀನೊಂದಿದೆ. ಅದರ ದೀಪಕ್ಕೆ ಒಂದೊಂದೇ ಮೀನು ಬರುತ್ತದೆ. ಮನುಷ್ಯನ ದೀಪ ಹಾಗಲ್ಲ. ದೋಣಿಯ ಜನರೇಟರಿನಿಂದ ಪ್ರಖರವಾದ ಎಲ್‌ಇಡಿ ದೀಪಗಳನ್ನು ಹೊತ್ತಿಸಿ ನೀರಿನ ಮೇಲೆ ಚೆಲ್ಲಿದರೆ ಮೊದಲು ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳೂ, ಅವುಗಳ ಹಿಂದೆ ಮರಿಮೀನುಗಳೂ, ಅವುಗಳ ಹಿಂದೆ ಬಂಗುಡೆ, ಬೊಂಡಾಸುಗಳೂ ಬಂದು ಕೂಡುತ್ತವೆ. ಸುತ್ತುವ ಬಲೆ ಎಲ್ಲವನ್ನೂ ಒಟ್ಟಿಗೆ ಬಾಚುತ್ತದೆ. ತಕ್ಕಡಿಗೆ ಬರುವ ಮೀನೂ, ಮೀನು ಹಿಟ್ಟಿನ ಕಾರ್ಖಾನೆಗೆ ಹೋಗುವ ಮರಿಯೂ ಒಂದೇ ಬಲೆಯಲ್ಲಿ. ನಾಡದೋಣಿಯವರು ಇದರ ವಿರುದ್ಧ ಬೀದಿಗಿಳಿದರು. ಕೇಂದ್ರ ಸರ್ಕಾರ ೨೦೧೭ರ ನವೆಂಬರಿನಲ್ಲಿ ದೇಶದ ಆರ್ಥಿಕ ವಲಯದ ಕಡಲಿನಲ್ಲಿ ಬೆಳಕಿನ ಮೀನುಗಾರಿಕೆಯನ್ನು ನಿಷೇಧಿಸಿತು. ನಿಷೇಧದ ಬಳಿಕವೂ ಕರಾವಳಿಯಿಂದ ಆ ದೂರುಗಳು ಬರುತ್ತಲೇ ಇವೆ.

ಇಲ್ಲಿ ಎರಡು ಆಕ್ಷೇಪಗಳು ಏಳುತ್ತವೆ. ‘ಕೊಲ್ಲುವುದೇ ಉದ್ದೇಶವಾದ ಮೇಲೆ ಹೇಗೆ ಕೊಂದರೇನು? ಗಾಳಗಾರನ ಬಾಯಲ್ಲಿ ನೀತಿಯ ಮಾತು ಬೆಕ್ಕಿನ ಸನ್ಯಾಸದಂತೆ’ ಎಂದು ಶಾಕಾಹಾರಿಗಳಾದ ನನ್ನ ಮಿತ್ರರು ಹೇಳುತ್ತಾರೆ. ಅವರ ಮಾತಿನಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ಎಲ್ಲ ಕೊಲೆಯೂ ಒಂದೇ ಎಂದು ಹೇಳಿಬಿಟ್ಟರೆ ಅದರಿಂದ ಲಾಭ ಪಡೆಯುವವನು ಹೆಚ್ಚು ಕೊಲ್ಲುವವನೇ ಹೊರತು ಮೀನಲ್ಲ. ರಾಷ್ಟ್ರಕೂಟರ ಕಾಲದಲ್ಲಿ, ಕ್ರಿ. ಶ. ೯೫೯ರಲ್ಲಿ ಸೋಮದೇವಸೂರಿಯು ಮುಗಿಸಿದ ‘ಯಶಸ್ತಿಲಕ’ವೆಂಬ ಕಾವ್ಯದಲ್ಲಿ ಮೃಗಸೇನನೆಂಬ ಬೆಸ್ತನ ಕಥೆಯಿದೆ. ಬಲೆಗೆ ಮೊದಲು ಬಿದ್ದ ಮೀನನ್ನು ಕೊಲ್ಲದೆ ಬಿಡಬೇಕೆಂದು ಜೈನಮುನಿಯೊಬ್ಬನು ಅವನಿಗೆ ವ್ರತ ಕೊಟ್ಟನು. ಅವನು ಮೊದಲ ಮೀನಿಗೆ ಬಟ್ಟೆಯ ಚೂರನ್ನು ಗುರುತಾಗಿ ಕಟ್ಟಿ ನೀರಿಗೆ ಬಿಟ್ಟನು. ಅಂದು ಅದೇ ಮೀನು ಮತ್ತೆ ಮತ್ತೆ ಬಲೆಗೆ ಬಿದ್ದಿತು; ಅವನು ಅಷ್ಟು ಸಲವೂ ಅದನ್ನು ಬಿಟ್ಟನು. ಅಹಿಂಸೆಯನ್ನು ಪರಮಧರ್ಮವೆಂದ ಮುನಿ ಕೂಡ ಬೆಸ್ತನಿಗೆ ‘ಬಲೆಯನ್ನು ಸುಡು’ ಎನ್ನಲಿಲ್ಲ, ‘ಒಂದನ್ನು ಬಿಡು’ ಎಂದನು. ಮನುಷ್ಯನ ಸ್ಥಿತಿಯನ್ನು ಬಲ್ಲವನ ಮಾತು ಅದು. ಹಿಡಿದ ಮೀನಿಗೆ ಗುರುತು ಕಟ್ಟಿ ಬಿಡುವುದು ಈಗಿನ ವಿಜ್ಞಾನಿಗಳ ಪದ್ಧತಿಯೂ ಆಗಿದೆಯೆಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು.

ಎರಡನೆಯ ಆಕ್ಷೇಪ ಹೆಚ್ಚು ಭಾರವಾದದ್ದು. ‘ನಿಮಗೆ ಇದು ವಿನೋದ, ಕಡಲಿನವನಿಗೆ ಹೊಟ್ಟೆಯ ಪಾಡು. ತಿಂಗಳ ಸಂಬಳದವರು ದೋಣಿಯವನಿಗೆ ಎರೆಯ ಧರ್ಮವನ್ನು ಬೋಧಿಸುವುದು ಸಲ್ಲದು.’ ಇದನ್ನು ನಾನು ಗೌರವದಿಂದ ಒಪ್ಪುತ್ತೇನೆ. ಆದರೆ ಕಡಲಿನವರು ಎಂಬುದು ಒಂದೇ ಗುಂಪಲ್ಲ. ದೀಪದ ದೋಣಿಯ ಒಡೆಯನೂ ಕಡಲಿನವನೇ, ಕೈಗಾಳದಿಂದ ನಾಲ್ಕು ಮೀನು ಹಿಡಿದು ಹೆಂಡತಿಯ ಬುಟ್ಟಿಗೆ ಹಾಕುವವನೂ ಕಡಲಿನವನೇ. ೧೯೭೦ರ ದಶಕದಲ್ಲಿ ಪರ್ಸೀನ್ ಬಲೆ ಬಂದಾಗ ಹತ್ತಾರು ಜನ ಕೂಡಿ ದಡಕ್ಕೆ ಎಳೆಯುತ್ತಿದ್ದ ರಂಪಣಿ ಬಲೆ ಹೇಗೆ ಮೂಲೆಗೆ ಸರಿಯಿತೆಂಬುದನ್ನು ನಮ್ಮ ಕಡೆಯ ಹಿರಿಯರು ಕಂಡಿದ್ದಾರೆ. ಮೀನಿಗೆ ನಿರಾಕರಿಸಲು ಎಡೆಗೊಡದ ಎರೆ, ಪಕ್ಕದ ದೋಣಿಯವನಿಗೂ ಏನನ್ನೂ ಉಳಿಸುವುದಿಲ್ಲ. ಯಾಂತ್ರಿಕ ದೋಣಿಗಳು ಜೂನ್ ೧ರಿಂದ ಜುಲೈ ೩೧ರ ವರೆಗೆ ೬೧ ದಿನ ಕಡಲಿಗಿಳಿಯಬಾರದೆಂಬ ನಿಯಮದ ಹಿಂದಿರುವುದೂ ಇದೇ ವಿವೇಕ: ಮರಿಮಾಡುವ ಕಾಲವನ್ನು ಎರೆಯಾಗಿಸಬಾರದು. ಹೊಟ್ಟೆಪಾಡಿನವನು ಎರಡು ತಿಂಗಳು ಕಾಯಬಲ್ಲನಾದರೆ, ವಿನೋದಕ್ಕಾಗಿ ಹೋಗುವವನಿಗೆ ಇನ್ನೂ ಹೆಚ್ಚಿನ ಸಂಯಮ ಇರಬೇಡವೆ?

ಆದುದರಿಂದ ನಾನು ಆ ತರುಣನಿಗೆ ಹೇಳಿದುದನ್ನೇ ಇಲ್ಲಿಯೂ ಹೇಳುತ್ತೇನೆ. ದೊಡ್ಡ ಮೀನಿನ ಬಾಯಿಗೆ ತಕ್ಕ ದೊಡ್ಡ ಎರೆಯನ್ನು ಆರಿಸಿಕೊಳ್ಳಬೇಕು. ಮರಿಗಳನ್ನು ದೂರವಿಡುವ ಜರಡಿ ಅದು. ಮೂರು ಕವಲಿನ ಮುಳ್ಳುಗಳನ್ನು ತೆಗೆದು ಒಂಟಿ ಮುಳ್ಳನ್ನು ಹಾಕಿ, ಅದರ ಹಿಂಬಾಗಿದ ಚಿಕ್ಕ ಕೊಕ್ಕೆಯನ್ನು ಇಕ್ಕುಳದಿಂದ ಒತ್ತಿ ಚಪ್ಪಟೆ ಮಾಡಬೇಕು. ಬಿಡಬೇಕೆನಿಸಿದ ಮೀನಿನ ಬಾಯಿ ಹರಿಯದೆ ಮುಳ್ಳು ಜಾರಿಬರುತ್ತದೆ. ಸೀಸದ ಗುಂಡನ್ನು ಸಾಧ್ಯವಾದಷ್ಟು ವರ್ಜಿಸಬೇಕು. ಗಾಳಗಾರರು ಬಿಟ್ಟುಹೋದ ಸೀಸವನ್ನು ನುಂಗಿ ಹಂಸಗಳು ಸಾಯುತ್ತಿದ್ದುದರಿಂದ ಬ್ರಿಟನ್ನಿನಲ್ಲಿ ೧೯೮೭ರಲ್ಲಿ ಅದರ ಮೇಲೆ ನಿಷೇಧ ಬಂದಿತು. ಬಂಡೆಗೆ ಸಿಕ್ಕಿ ಹರಿದುಹೋಗುವ ರಬ್ಬರಿನ ಎರೆಗಳಿಗಿಂತ ಮರದವೂ ಲೋಹದವೂ ಲೇಸು. ಮೊಟ್ಟೆಯಿಡುವ ತಾಣದ ಮೇಲೆಯಾಗಲಿ, ಮರಿಗಳ ಕಾವಲಿನಲ್ಲಿರುವ ಮೀನಿನ ಮುಂದೆಯಾಗಲಿ ಯಾವ ಎರೆಯನ್ನೂ ಇಳಿಸಕೂಡದು. ಇಷ್ಟನ್ನು ಪಾಲಿಸಿದವನಿಗೆ ಮೀನು ಕಡಿಮೆ ಸಿಗುವುದು ಖಂಡಿತ. ಕಡಿಮೆ ಸಿಗಬೇಕೆಂಬುದೇ ಇದರ ತಾತ್ಪರ್ಯ.

ಎಂಟು ನೂರು ತೊಂಬತ್ತು ವರ್ಷಗಳ ಹಿಂದೆ ಸೋಮೇಶ್ವರನ ಮುಂದಿದ್ದ ಪ್ರಶ್ನೆ ಯಾವ ಮೀನಿಗೆ ಯಾವ ತಿನಿಸು ಎಂಬುದು. ಅವನ ಕಾಲದ ನದಿಯೂ ಕಡಲೂ ತುಂಬಿದ್ದುವು. ಅಷ್ಟೇ ಕೇಳಿದರೆ ಸಾಕಾಗಿತ್ತು. ನಮ್ಮ ಕಾಲದ ಗಾಳಗಾರನು ಅಂಗಡಿಯ ಕಟ್ಟೆಯ ಮೇಲೆ ಇನ್ನೊಂದು ಪ್ರಶ್ನೆಯನ್ನು ಕೇಳಿಕೊಳ್ಳಬೇಕಾಗಿದೆ: ಈ ಎರೆಗೆ ಬಾರದೆ ಉಳಿಯುವ ಮೀನು ಯಾವುದು? ‘ಬಾರದ ಮೀನೇ ಇಲ್ಲ’ ಎಂದು ಅಂಗಡಿಯವನು ಹೊಗಳಿ ಕೊಟ್ಟ ಎರೆಯನ್ನು ಅಲ್ಲಿಯೇ ಬಿಟ್ಟು ಬರುವುದು ಲೇಸು.